ಓಪನ್ ಸೋರ್ಸ್ ಅವಾರ್ಡಿಗೆ ಒಬ್ರ ಹೆಸ್ರು ಕಳಿಸುದು ಹೇಗೆ ಮಾರಾಯ್ರೆ

ಸನ್ಮಾನಕ್ಕೆ ನಮ್ಮ ಊರಲ್ಲಿ ಬರ ಇಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ ಇರ್ಲಿ, ಕಂಬಳ ಇರ್ಲಿ, ಯಕ್ಷಗಾನದ ಆಟವನ್ನು ಮಧ್ಯದಲ್ಲಿ ನಿಲ್ಲಿಸಿ ಆದ್ರೂ ಸರಿ, ಒಬ್ರನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಪೇಟ ಇಟ್ಟು ಹಣ್ಣಿನ ಬುಟ್ಟಿ ಕೈಗೆ ಕೊಟ್ಟೇ ಕಳಿಸುದು. ಆದ್ರೆ ಸುರತ್ಕಲ್ಲಲ್ಲೋ ಮಣಿಪಾಲದಲ್ಲೋ ಒಂದು ರೂಮಲ್ಲಿ ಕೂತ್ಕೊಂಡು ಪ್ರಪಂಚ ಇಡೀ ಬಳಸುವ ಓಪನ್ ಸೋರ್ಸ್ (ಅಂದ್ರೆ ಕೋಡನ್ನು ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ) ಸಾಫ್ಟ್‌ವೇರಿಗೆ ಪುಕ್ಸಟ್ಟೆ ಬಗ್, ಅಂದ್ರೆ ಅದರ ದೋಷ, ಸರಿ ಮಾಡ್ತಾ ಇರುವವರ ಕೆಲಸ ಎಂತ ಅಂತ ಮನೆಯವ್ರಿಗೂ ಗೊತ್ತಿರುದಿಲ್ಲ. ಅಂಥವರಿಗೆ ಅಂತಲೇ ಅವಾರ್ಡುಗಳು ಉಂಟು, ಸುಮಾರು ಉಂಟು, ಹೆಸ್ರು ಕಳಿಸುವವರು ಕಡಿಮೆ ಅಷ್ಟೇ. ನಮ್ಮವರಿಗೆ ನಾಚಿಕೆ ಬೇರೆ, ತಾನಾಗಿ ಯಾರೂ ಹೇಳಿಕೊಳ್ಳುದಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತ ನೀವೇ ಕಳಿಸ್ಬೇಕು.

ಮೊದ್ಲು ಯಾವ ಬಾಗಿಲು ಯಾರಿಗೆ ತೆರೀತದೆ ನೋಡಿ. ಗೂಗಲ್‌ನವರ ಓಪನ್ ಸೋರ್ಸ್ ಪೀರ್ ಬೋನಸ್ 2011ರಲ್ಲಿ ಶುರುವಾದ್ದು, ಅದಕ್ಕೆ ಗೂಗಲ್ ಉದ್ಯೋಗಿಗಳೇ ಹೊರಗಿನ ಒಬ್ರ ಹೆಸ್ರು ಕೊಡ್ಬೇಕು, ನೀವು ನೇರ ಅರ್ಜಿ ಹಾಕ್ಲಿಕ್ಕೆ ಆಗುದಿಲ್ಲ. ಆದ್ರೆ ನಿಮ್ಮ ಕಾಲೇಜಿನ ಸೀನಿಯರ್ ಯಾರಾದ್ರೂ ಅಲ್ಲಿ ಇದ್ದು, ಅವ್ರು ಆ ಪ್ರಾಜೆಕ್ಟನ್ನು ಕೆಲಸದಲ್ಲಿ ಬಳಸುವವರಾದ್ರೆ, ಬರೆದು ರೆಡಿ ಇಟ್ಟ ನಾಲ್ಕು ಸಾಲು ಅವ್ರಿಗೆ ಕಳಿಸಿ, ಬ್ಯುಸಿ ಜನ, ರೆಡಿ ಇದ್ರೆ ಹಾಕ್ತಾರೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಅವಾರ್ಡು 1998ರಿಂದ ಉಂಟು, ಮೊದಲನೇದು ಪರ್ಲ್ ಭಾಷೆ ಮಾಡಿದ ಲ್ಯಾರಿ ವಾಲ್‌ಗೆ, 2001ರದ್ದು ಪೈಥಾನ್ ಭಾಷೆ ಮಾಡಿದ ಗೀಡೊ ವಾನ್ ರೋಸಮ್‌ಗೆ. ಹೆಸ್ರು ನೋಡಿ ಹೆದ್ರಬೇಡಿ, ಅವ್ರದ್ದೇ ಇನ್ನೊಂದು ವಿಭಾಗ 2019ರ ಸಾಲಿನಿಂದ ಬಂದಿದೆ, ಹೊಸದಾಗಿ ಬಂದು ಒಳ್ಳೆ ಕೆಲಸ ಮಾಡಿದವರಿಗೆ ಅಂತಲೇ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ನೋಡ್ಬೇಕಾದ್ದು ಅದು. ಇಮೇಲ್ ಬರೆದ್ರೆ ಆಯ್ತು, ಯಾರು ಬೇಕಾದ್ರೂ ಬರೀಬಹುದು.

ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ನ ಕಮ್ಯುನಿಟಿ ಸರ್ವೀಸ್ ಅವಾರ್ಡು ನನ್ನ ಲೆಕ್ಕದಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಹೊಂದ್ತದೆ, ಯಾಕಂದ್ರೆ ಅದು ಕೋಡ್ ಬರೆದವರಿಗೆ ಮಾತ್ರ ಇರುವಂಥದ್ದಲ್ಲ, ಮೀಟಪ್ ನಡೆಸಿದವರು, ಪಾಠ ಹೇಳಿಕೊಟ್ಟವರು, ಸಮ್ಮೇಳನಕ್ಕೆ ಕುರ್ಚಿ ಹೊತ್ತವರು ಎಲ್ಲ ಬರ್ತಾರೆ. ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್ ಡ್ರುಪಾಲ್‌ನವರದ್ದು ಏರನ್ ವಿನ್‌ಬೋರ್ನ್ ಅವಾರ್ಡು ಅಂತ, 2015ರಲ್ಲಿ ತೀರಿಹೋದ ಒಬ್ಬ ಡೆವಲಪರನ ನೆನಪಿಗೆ ಇಟ್ಟದ್ದು, ಅದರಲ್ಲಿ ನೋಡುದು ಪ್ರಾಮಾಣಿಕತೆ ಮತ್ತೆ ಜನರ ಜೊತೆ ಒಳ್ಳೆ ರೀತಿ ನಡ್ಕೊಳ್ಳುದು. ಇನ್ನು ವಿಕಿಪೀಡಿಯಕ್ಕೆ ಟೂಲು, ಗ್ಯಾಜೆಟು, ಬಾಟು (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಮಾಡುವವರಿಗೆ 2019ರಿಂದ ಕೂಲೆಸ್ಟ್ ಟೂಲ್ ಅವಾರ್ಡ್ ಉಂಟು. ತುಳು ವಿಕಿಪೀಡಿಯ 2016ರಲ್ಲಿ ಶುರುವಾದ ಮೇಲೆ ಅದರ ಸುತ್ತ ಕೆಲಸ ಮಾಡುವವರು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಇದ್ದಾರೆ, ಅವರಲ್ಲಿ ಯಾರಾದ್ರೂ ಒಂದು ಉಪಯೋಗದ ಟೂಲ್ ಮಾಡಿದ್ರೆ ಇದು ನೆನಪಿರ್ಲಿ.

ಬರೀಲಿಕ್ಕೆ ಕೂರುವ ಮೊದ್ಲು ಆ ಅವಾರ್ಡು ಇನ್ನೂ ಜೀವಂತ ಉಂಟಾ ನೋಡ್ಕೊಳ್ಳಿ. ಕಂಪ್ಯೂಟರ್ ಪುಸ್ತಕ ಮಾಡುವ ಓರೈಲಿಯವರು ಆಸ್ಕಾನ್ ಅನ್ನುವ ಓಪನ್ ಸೋರ್ಸ್ ಸಮ್ಮೇಳನದಲ್ಲಿ ಒಳ್ಳೆ ಅವಾರ್ಡ್ ಕೊಡ್ತಿದ್ರು, ಹಳೆ ಲಿಸ್ಟುಗಳಲ್ಲಿ ಈಗಲೂ ಅದರ ಹೆಸ್ರು ಕಾಣ್ತದೆ, ಆದ್ರೆ ಆ ಸಮ್ಮೇಳನವೇ 2020ರಲ್ಲಿ ನಿಂತುಹೋಗಿದೆ. ಹೋದ ವರ್ಷ ಯಾರಿಗೆ ಬಂತು ಅಂತ ಹುಡುಕಿ, ಉತ್ತರ ಸಿಗದಿದ್ರೆ ಬಿಟ್ಟುಬಿಡಿ.

ಈಗ ಯಾರ ಹೆಸ್ರು ಅನ್ನುದು. ಇಲ್ಲಿ ಎಲ್ಲರೂ ಮಾಡುದು ಒಂದೇ, ಕೋಡಿನ ಬದಲಾವಣೆಯ ಚರಿತ್ರೆ ಇಡುವ ಗಿಟ್‌ನಲ್ಲಿ ಶಾರ್ಟ್‌ಲಾಗ್ (ಹೆಸ್ರುವಾರು ಪಟ್ಟಿ) ಹಾಕಿ ಯಾರ ಕಮಿಟ್, ಅಂದ್ರೆ ದಾಖಲಾದ ಬದಲಾವಣೆ, ಜಾಸ್ತಿ ಅಂತ ನೋಡಿ ಮೇಲಿನ ಹೆಸ್ರು ಬರ್ಕೊಳ್ಳುದು. ಅದು ಸುಲಭ, ಆದ್ರೆ ಅರ್ಧ ಜನ ಅಲ್ಲೇ ಬಿಟ್ಟುಹೋಗ್ತಾರೆ. ಒಂದು ಉದಾಹರಣೆ ಹೇಳ್ತೇನೆ. ಫೈರ್‌ಫಾಕ್ಸಿನ ಕನ್ನಡ ಅನುವಾದ ನಡೆಯುದು ಮೊಜಿಲ್ಲಾದ ಪಾಂಟೂನ್ ಅಂತ ಒಂದು ಜಾಗದಲ್ಲಿ, ಅಲ್ಲಿ ನೀವು ಅನುವಾದ ಮಾಡಿದ್ದನ್ನು ರೆಪೊಸಿಟರಿಗೆ (ಕೋಡ್ ಇಡುವ ಜಾಗಕ್ಕೆ) ಕಮಿಟ್ ಮಾಡುದು ಪಾಂಟೂನ್ ಬಾಟು. ಹಾಗಾಗಿ ಶಾರ್ಟ್‌ಲಾಗಲ್ಲಿ ಲೇಖಕನ ಜಾಗದಲ್ಲಿ ಬಾಟಿನ ಹೆಸ್ರು, ರಾತ್ರಿ ಕೂತು ಒಂದೊಂದೇ ವಾಕ್ಯ ತಿದ್ದಿದ ಮನುಷ್ಯನ ಹೆಸ್ರು ಕಮಿಟ್ ಮೆಸೇಜಿನ ಅಡಿಯಲ್ಲಿ ಕೋ-ಆಥರ್ಡ್-ಬೈ ಅನ್ನುವ ಸಾಲಲ್ಲಿ. ಶಾರ್ಟ್‌ಲಾಗ್ ತಾನಾಗಿ ಆ ಸಾಲನ್ನು ಲೆಕ್ಕಕ್ಕೆ ತಕ್ಕೊಳ್ಳುದಿಲ್ಲ, ಗ್ರೂಪ್ ಆಯ್ಕೆ ಕೊಟ್ಟು ಆ ಟ್ರೇಲರ್ (ಮೆಸೇಜಿನ ಕೊನೆಯ ಸಾಲು) ಪ್ರಕಾರ ಎಣಿಸು ಅಂತ ಬೇರೆ ಹೇಳ್ಬೇಕು. ಮತ್ತೊಂದು, ಒಬ್ರೇ ಕಾಲೇಜಿನ ಇಮೇಲಲ್ಲಿ ಸ್ವಲ್ಪ, ಸ್ವಂತದ್ರಲ್ಲಿ ಸ್ವಲ್ಪ, ಕಂಪೆನಿಯದ್ದರಲ್ಲಿ ಸ್ವಲ್ಪ ಕಮಿಟ್ ಮಾಡಿದ್ರೆ ಮೂರು ಜನ ಅಂತ ತೋರಿಸ್ತದೆ, ಯಾವ ಇಮೇಲ್ ಯಾರದ್ದು ಅಂತ ಹೇಳುವ ಮೇಲ್‌ಮ್ಯಾಪ್ ಫೈಲಲ್ಲಿ ಮೂರನ್ನೂ ಸೇರಿಸಿದ್ರೆ ಸರಿಯಾಗ್ತದೆ. ಲಿನಕ್ಸ್ ಕರ್ನೆಲ್ಲಿನವರು ಇದ್ರಲ್ಲಿ ಪಕ್ಕಾ ಮಾರಾಯ್ರೆ, ಬಗ್ ಹೇಳಿದವರಿಗೆ ರಿಪೋರ್ಟೆಡ್-ಬೈ, ಟೆಸ್ಟ್ ಮಾಡಿದವರಿಗೆ ಟೆಸ್ಟೆಡ್-ಬೈ, ನೋಡಿ ಒಪ್ಪಿದವರಿಗೆ ರಿವ್ಯೂಡ್-ಬೈ ಅಂತ ಪ್ಯಾಚಿನ (ಕಳಿಸುವ ತಿದ್ದುಪಡಿಯ) ಒಳಗೇ ಬರೆದಿಡ್ತಾರೆ. ನಿಮ್ಮ ಪ್ರಾಜೆಕ್ಟಲ್ಲಿ ಆ ಅಭ್ಯಾಸ ಇಲ್ಲದಿದ್ರೆ ಬಗ್ ಮತ್ತೆ ಪ್ರಶ್ನೆ ಹಾಕುವ ಇಶ್ಯೂ ಪುಟಗಳಲ್ಲಿ ಹುಡುಕ್ಬೇಕು, ಹೊಸಬರ ಪ್ರಶ್ನೆಗೆ ಯಾರು ಉತ್ರ ಕೊಡ್ತಾ ಇದ್ದಾರೆ, ಒಂದೇ ಬಗ್ಗನ್ನು ಹತ್ತು ಜನ ಹಾಕಿದಾಗ ಯಾರು ಒಟ್ಟು ಮಾಡಿ ಮುಚ್ತಾರೆ, ಅಂಥ ಹೆಸ್ರು ಪುನಃ ಪುನಃ ಕಣ್ಣಿಗೆ ಬೀಳ್ತದೆ.

ನಮ್ಮೂರಿಗೆ ಇದು ಇನ್ನೂ ಜಾಸ್ತಿ ಅನ್ವಯ ಆಗ್ತದೆ. 2024ರ ಸೆಪ್ಟೆಂಬರಲ್ಲಿ ಎಲ್ಲ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಯೂನಿಕೋಡ್ ಮಾನದಂಡದ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿತಲ್ಲ, ಇನ್ನು ಫಾಂಟು, ಕೀಬೋರ್ಡು, ಅದು ಯಾವ ಫೋನಲ್ಲಿ ಹೇಗೆ ಕಾಣ್ತದೆ ಅಂತ ನೋಡುದು, ಇಂಥ ಕೆಲಸವೇ ರಾಶಿ. ಇದ್ರಲ್ಲಿ ಕೋಡಿನ ಸಾಲು ಎಣಿಸಿದ್ರೆ ಎಂತದೂ ಸಿಗ್ಲಿಕ್ಕಿಲ್ಲ. ಕಿನ್ನಿಕಂಬ್ಳದ ಕೆ. ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ ಇಡೀ ಕರ್ನಾಟಕ ಕುಟ್ಟುದು, ನುಡಿ ತಂತ್ರಾಂಶದಲ್ಲಿ ಇರುದೂ ಅದೇ, ಅದನ್ನು ಸಾಲಿನ ಲೆಕ್ಕದಲ್ಲಿ ಅಳೀಲಿಕ್ಕೆ ಆಗ್ತದಾ?

ಲೆಕ್ಕ ಮಾತ್ರ ನೋಡಿದ್ರೆ ಎಂತ ಆಗ್ತದೆ ಅನ್ನುದಕ್ಕೆ ಪ್ರತಿ ಅಕ್ಟೋಬರಲ್ಲಿ ಓಪನ್ ಸೋರ್ಸಿಗೆ ಕೆಲಸ ಮಾಡ್ಲಿಕ್ಕೆ ಜನರನ್ನು ಕರೆಯುವ ಹ್ಯಾಕ್ಟೋಬರ್‌ಫೆಸ್ಟಿನ 2020ರ ಕಥೆ ಸಾಕು. ಇಷ್ಟು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಹಾಕಿದ್ರೆ ಟೀಶರ್ಟ್ ಅಂತ ಹೇಳಿದ್ದಕ್ಕೆ ಜನ ಪ್ರಾಜೆಕ್ಟಿನ ಪರಿಚಯ ಇರುವ ರೀಡ್‌ಮೀ ಫೈಲಲ್ಲಿ ಒಂದೊಂದು ಶಬ್ದ ಸೇರಿಸಿ ಕಳಿಸಿ ಕಳಿಸಿ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರುಗಳ ಮಂಡೆಬಿಸಿ ಮಾಡಿಬಿಟ್ರು, ಕೊನೆಗೆ ಒಪ್ಪಿಗೆ ಕೊಟ್ಟ ಪ್ರಾಜೆಕ್ಟಿಗೆ ಮಾತ್ರ ಅಂತ ನಿಯಮವೇ ಬದಲಾಯ್ತು. ನಮ್ಮ ದೇಶದ ಹುಡುಗರೂ ಅದ್ರಲ್ಲಿ ತುಂಬಾ ಇದ್ರು, ಹೇಳ್ಲಿಕ್ಕೆ ಬೇಜಾರಾಗ್ತದೆ.

ಹೆಸ್ರು ಸಿಕ್ಕಿತಾ, ಅವ್ರ ಹತ್ರ ಕೇಳಿ. ಸರ್‌ಪ್ರೈಸ್ ಬೇಡ. ಕೆಲವ್ರು ಅಡ್ಡಹೆಸರಲ್ಲೇ ಕೆಲಸ ಮಾಡುದು, ನಿಜ ಹೆಸ್ರು ಹೊರಗೆ ಬರುದು ಬೇಡ ಅಂತ ಇರ್ತದೆ, ಕೆಲವ್ರ ಆಫೀಸಲ್ಲಿ ಹೊರಗಿನ ಕೆಲಸಕ್ಕೆ ಪರ್ಮಿಶನ್ ಇರುದಿಲ್ಲ. "ಅಯ್ಯೋ ನಾನು ಎಂತ ಮಾಡಿದ್ದೇನೆ ಅಂತ" ಅಂತ ಹೇಳಿದ್ರೆ ಅದು ಬೇಡ ಅಂತ ಅರ್ಥ ಅಲ್ಲ, ನಮ್ಮ ಕಡೆ ಹಾಗೆ ಹೇಳುದೇ, ಇನ್ನೊಂದು ಸಲ ಕೇಳಿ. ಸೀರಿಯಸ್ಸಾಗಿ ಬೇಡ ಅಂದ್ರೆ ಬಿಡಿ.

ಬರೆಯುದರಲ್ಲೇ ಇರುದು ವಿಷಯ. ನಮಗೆ ಸನ್ಮಾನಪತ್ರ ಕೇಳಿ ಕೇಳಿ ಅಭ್ಯಾಸ, ಸರಳ ಸಜ್ಜನಿಕೆಯ ಅಜಾತಶತ್ರು, ಎಲೆಮರೆಯ ಕಾಯಿ ಅಂತೆಲ್ಲ ಬರೆದು ಹೆಸ್ರು ಒಂದು ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಓದಬಹುದು. ಅವಾರ್ಡ್ ಕಮಿಟಿಗೆ ಅದು ಕಳಿಸಿದ್ರೆ ಎರಡನೇ ಸಾಲಿಗೇ ಮುಂದಿನ ಅರ್ಜಿಗೆ ಹೋಗ್ತಾರೆ. ಅವ್ರಿಗೆ ಬೇಕಾದ್ದು ಮೊದ್ಲು ಎಂತ ತೊಂದ್ರೆ ಇತ್ತು, ಇವ್ರು ಎಂತ ಮಾಡಿದ್ರು, ಈಗ ಯಾರಿಗೆ ಉಪಕಾರ ಆಯ್ತು, ಮತ್ತೆ ಪ್ರತಿಯೊಂದಕ್ಕೂ ಒಂದು ಲಿಂಕ್. ಈ ರೀತಿ ಬರೀರಿ ನೋಡುವ:

"ಈ ಮ್ಯಾಪ್ ಆ್ಯಪಿನಲ್ಲಿ ಕನ್ನಡದ ಒತ್ತಕ್ಷರ ಸರಿ ಕೂರುತ್ತಿರಲಿಲ್ಲ, ಹಂಪನಕಟ್ಟೆ ಎಂದು ಬರಬೇಕಾದಲ್ಲಿ ಹಂಪನಕಟ್‌ಟೆ ಎಂದು ಬರುತ್ತಿತ್ತು. ಡೆವಲಪರ್‌ಗಳಿಗೆ ಕನ್ನಡ ಬಾರದ ಕಾರಣ ಇದು ತಪ್ಪು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಇವರು ಯಾವ ಯಾವ ಫೋನಿನಲ್ಲಿ ಹೀಗಾಗುತ್ತದೆ ಎಂದು ಫೋಟೋ ಸಮೇತ ಬಗ್ ಹಾಕಿದರು, ಸರಿಯಾದ ರೂಪ ಹೇಗಿರಬೇಕು ಎಂದು ತೋರಿಸಿದರು, ಪ್ಯಾಚ್ ಬಂದ ಮೇಲೆ ಪುನಃ ಪರೀಕ್ಷಿಸಿದರು. ತೆಲುಗಿಗೂ ಇದೇ ತೊಂದರೆ ಇದ್ದ ಕಾರಣ ಅದೂ ಜೊತೆಗೇ ಸರಿಯಾಯಿತು."

ನೋಡಿ, ಇದ್ರಲ್ಲಿ ಹೊಗಳಿಕೆಯ ಒಂದು ಶಬ್ದ ಇಲ್ಲ, ಆದ್ರೂ ಓದಿದವರಿಗೆ ಈ ಜನ ಬೇಕು ಅನ್ನಿಸ್ತದೆ. ಇಂಥ ಎರಡು ಮೂರು ಸಂಗತಿ ಸಾಕು, ಹದಿನೈದು ಹಾಕಿದ್ರೆ ಒಂದೂ ಮನಸ್ಸಲ್ಲಿ ನಿಲ್ಲುದಿಲ್ಲ. ಕಳಿಸ್ಬೇಕಾದ್ದು ಇಂಗ್ಲಿಷಲ್ಲಿ, ಸಣ್ಣ ಸಣ್ಣ ವಾಕ್ಯ ಬರೀರಿ, ದೊಡ್ಡ ಶಬ್ದದ ಅಗತ್ಯ ಇಲ್ಲ. ಮೊದ್ಲು ಕನ್ನಡದಲ್ಲೇ ಯೋಚ್ನೆ ಮಾಡಿ ಗೀಚಿಕೊಂಡ್ರೆ ವಿಷಯ ಸರಿ ಬರ್ತದೆ ಅಂತ ನನ್ನ ಅಭಿಪ್ರಾಯ. ಪ್ರಾಜೆಕ್ಟಿನ ಮೇಂಟೇನರ್ ಹತ್ರ ಎರಡು ಸಾಲು ಬೆಂಬಲ ಬರೆಸಿಕೊಂಡ್ರೆ ಇನ್ನೂ ಗಟ್ಟಿ, ಅವ್ರು ಪ್ರಪಂಚದ ಯಾವ ಮೂಲೆಯಲ್ಲಿದ್ರೂ ಕೇಳಿದ್ರೆ ಸಾಮಾನ್ಯ ಇಲ್ಲ ಅನ್ನುದಿಲ್ಲ. ಕಡೇ ದಿನಾಂಕ ಯಾವ ದೇಶದ ಟೈಮು ಅಂತಲೂ ನೋಡ್ಕೊಳ್ಳಿ.

ಅವಾರ್ಡ್ ಬಂದ್ರೆ ಗೌಜಿ ಮಾಡಿ, ಆದ್ರೆ ಕಾಗದಪತ್ರ ಬಿಡ್ಬೇಡಿ. ಹೊರದೇಶದಿಂದ ಬ್ಯಾಂಕಿಗೆ ದುಡ್ಡು ಬಂದ್ರೆ ಎಂತಕ್ಕೆ ಬಂದದ್ದು ಅಂತ ಪರ್ಪಸ್ ಕೋಡ್ ಕೇಳ್ತಾರೆ, ಅವಾರ್ಡಿನ ಇಮೇಲ್ ಪ್ರಿಂಟ್ ತೆಗೆದು ಇಟ್ಕೊಳ್ಳಿ, ಕೌಂಟರಲ್ಲಿ ಓಪನ್ ಸೋರ್ಸ್ ಅಂದ್ರೆ ಎಂತ ಅಂತ ವಿವರಿಸುವ ತಾಳ್ಮೆಯೂ ಇರ್ಲಿ. ಟ್ಯಾಕ್ಸ್ ವಿಷಯ ನಿಮ್ಮ ಸಿಎ ಹತ್ರ ಕೇಳಿ. ಟೀಶರ್ಟು, ಫಲಕ ಕೊರಿಯರಲ್ಲಿ ಬರುದಾದ್ರೆ ಕಸ್ಟಮ್ಸ್ ಡ್ಯೂಟಿ ಬೀಳುವ ಸಾಧ್ಯತೆ ಉಂಟು, ಸಾವಿರ ರೂಪಾಯಿಯ ಬನಿಯನ್ನಿಗೆ ಡ್ಯೂಟಿ ಕಟ್ಟುದಾ ಬೇಡವಾ ಅಂತ ಮೊದ್ಲೇ ಯೋಚ್ನೆ ಮಾಡಿ.

ಇಷ್ಟೆಲ್ಲ ದೂರದ್ದು ಬೇಡ, ನಮ್ಮ ಕಾಲೇಜಲ್ಲೇ, ನಮ್ಮ ಗ್ರೂಪಲ್ಲೇ ಒಂದು ಸಣ್ಣ ಅವಾರ್ಡ್ ಇಡುವ ಅಂತ ಇದ್ರೆ ಅದೂ ಒಳ್ಳೆದೇ. ಶುರು ಮಾಡ್ಲಿಕ್ಕೆ ಖರ್ಚಿಲ್ಲ, ಆಲ್ ಕಾಂಟ್ರಿಬ್ಯೂಟರ್ಸ್ ಅಂತ ಒಂದು ಬಾಟು ಉಂಟು, ಅದನ್ನು ಪ್ರಾಜೆಕ್ಟಿಗೆ ಸೇರಿಸಿ ಒಂದು ಕಮೆಂಟ್ ಹಾಕಿದ್ರೆ ರೀಡ್‌ಮೀಯಲ್ಲಿ ಆ ವ್ಯಕ್ತಿಯ ಫೋಟೋ ಕೂರ್ತದೆ, ಕೋಡಿಗೆ ಒಂದು ಇಮೋಜಿ, ಅನುವಾದಕ್ಕೆ ಬೇರೆ, ಬಗ್ ಹೇಳಿದ್ದಕ್ಕೆ ಬೇರೆ, ಡಿಸೈನಿಗೆ ಬೇರೆ. ಪ್ರತಿ ರಿಲೀಸ್ ನೋಟ್ಸಿನ ಅಡಿಯಲ್ಲಿ ಹೆಸ್ರು ಹಾಕಿ ಥ್ಯಾಂಕ್ಸ್ ಹೇಳುದನ್ನೂ ರೂಢಿ ಮಾಡಿ. ಆಯ್ಕೆ ಮಾಡುವ ಕಮಿಟಿಯಲ್ಲಿ ಒಬ್ರಾದ್ರೂ ಕೋಡ್ ಬರೆಯದವ್ರು ಇರ್ಲಿ, ಇಲ್ಲದಿದ್ರೆ ಕೋಡ್ ಬರೆಯುವವ್ರು ಕೋಡ್ ಬರೆಯುವವ್ರಿಗೇ ಕೊಡ್ತಾರೆ. ಮುಖ್ಯ ಅತಿಥಿಗಳ ಭಾಷಣ ಒಂದು ಗಂಟೆ, ಅವಾರ್ಡ್ ಪಡ್ಕೊಂಡವ್ರಿಗೆ ಎರಡು ನಿಮಿಷ ಅಂತ ಆಗ್ಬಾರ್ದು. ಅವ್ರಿಗೆ ಮೈಕ್ ಕೊಟ್ಟು ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಹಾಕಿಸಿ ಆ ಬಗ್ ಹೇಗೆ ಹಿಡಿದ್ರು ಅಂತ ಹೇಳಿಸಿ, ಜೂನಿಯರುಗಳು ಬಾಯಿ ಬಿಟ್ಟು ನೋಡ್ತಾರೆ.

ಕೊಡುದು ಎಂತ? ಗಾಜಿನ ಫಲಕ ಬೇಡ ಮಾರಾಯ್ರೆ, ಮನೆಯ ಶೋಕೇಸಲ್ಲಿ ಜಾಗ ಇಲ್ಲ. ಅವ್ರ ಪ್ರಾಜೆಕ್ಟಿನ ಡೊಮೈನಿಗೆ ಎರಡು ವರ್ಷದ ದುಡ್ಡು ಕಟ್ಟಿ, ಸರ್ವರ್ ಬಿಲ್ ಕಟ್ಟಿ, ಟೆಸ್ಟ್ ಮಾಡ್ಲಿಕ್ಕೆ ಒಂದು ಹಳೆ ಆಂಡ್ರಾಯ್ಡ್ ಫೋನ್ ತೆಗ್ಸಿಕೊಡಿ. ಇಲ್ಲದಿದ್ರೆ ಬೆಂಗಳೂರಲ್ಲಿ ಫಾಸ್ ಯುನೈಟೆಡ್ ಅನ್ನುವ ಓಪನ್ ಸೋರ್ಸ್ ಸಂಘಟನೆಯವರು ಮಾಡುವ ಇಂಡಿಯಾಫಾಸ್ ಸಮ್ಮೇಳನಕ್ಕೆ ಟಿಕೆಟು, ಹೋಗಿ ಬರುವ ರಾತ್ರಿ ಬಸ್ಸಿನ ಖರ್ಚು, ಉಳ್ಕೊಳ್ಳುವ ವ್ಯವಸ್ಥೆ. ಮಳೆಗಾಲದಲ್ಲಿ ಇದ್ರೆ ಶಿರಾಡಿ ಘಾಟಿ ರಸ್ತೆ ಓಪನ್ ಉಂಟಾ ನೋಡಿ ಬುಕ್ ಮಾಡಿ. ಶಾಲು ಬೇಕೇ ಬೇಕು ಅಂತ ಹಿರಿಯರು ಹಠ ಹಿಡಿದ್ರೆ ಹೊದಿಸಿ, ಅದಕ್ಕೆ ತಕರಾರಿಲ್ಲ.

ಆಯ್ಕೆ ಆಗದಿದ್ರೆ ನಿಮ್ಮ ಬರಹ ಡಿಲೀಟ್ ಮಾಡ್ಬೇಡಿ, ಒಂದು ಕಾಪಿ ಆ ವ್ಯಕ್ತಿಗೇ ಕೊಡಿ, ಕೆಲಸಕ್ಕೆ ಅರ್ಜಿ ಹಾಕುವಾಗ ಆ ಲಿಂಕುಗಳೇ ಬೇಕಾಗ್ತದೆ. ಹೆಚ್ಚಿನ ಕಡೆ ಮುಂದಿನ ವರ್ಷ ಪುನಃ ಅದೇ ಹೆಸ್ರು ಕಳಿಸ್ಬಹುದು, ಒಂದು ವರ್ಷದಲ್ಲಿ ಹೊಸದಾಗಿ ಮಾಡಿದ್ದನ್ನು ಮೇಲೆ ಸೇರಿಸಿ, ಹಳೆ ಲಿಂಕ್ ಎಲ್ಲ ಇನ್ನೂ ತೆರೀತದಾ ಅಂತ ಒಂದ್ಸಲ ಒತ್ತಿ ನೋಡಿ ಕಳಿಸಿ.