ಮರಿಯನ್ನು ನೋಡಿ ಬೆಳೆಸಿ: ನಾಯಿಮರಿಯ ಮೊದಲ 14 ವಾರ

"ಇದು ಯಾವ ತಳಿ? ಸಾಧು ಇರುತ್ತದಾ?" ಮರಿ ತೆಗೆದುಕೊಳ್ಳಲು ಬರುವವರು ನನ್ನನ್ನು ಮೊದಲು ಕೇಳುವುದೇ ಇದನ್ನು. ಬಿಟ್ಟುಹೋದ ಮರಿಗಳನ್ನು ಮನೆಯಲ್ಲಿ ಸಾಕಿ, ಒಂದು ಹಂತಕ್ಕೆ ತಂದು, ಒಳ್ಳೆಯ ಮನೆಗೆ ಕೊಡುವುದು ನನ್ನ ಕೆಲಸ. ತಳಿಯ ಹೆಸರು ಹೇಳಿ ನಾನು ಸುಮ್ಮನಾಗುವುದಿಲ್ಲ. "ಎಲ್ಲಾ ನೀವು ಬೆಳೆಸುವುದರಲ್ಲಿದೆ" ಅಂತಲೂ ಹೇಳುವುದಿಲ್ಲ. ಎರಡೂ ಅರ್ಧ ಮಾತು. ಯಾವುದಕ್ಕೆ ಬೇಗ ಹೆದರುತ್ತದೆ, ಯಾವುದನ್ನು ಸಲೀಸಾಗಿ ಕಲಿಯುತ್ತದೆ ಅನ್ನುವುದರಲ್ಲಿ ಒಂದಷ್ಟನ್ನು ಮರಿ ಹುಟ್ಟುವಾಗಲೇ ತಂದಿರುತ್ತದೆ. ಹಾಗಾಗಿ ಒಂದೇ ಅನುಭವ ಎರಡು ಮರಿಗಳಲ್ಲಿ ಒಂದೇ ಕೆಲಸ ಮಾಡುವುದಿಲ್ಲ. ಇಷ್ಟು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

1958ರಲ್ಲಿ ಡೇನಿಯಲ್ ಫ್ರೀಡ್‌ಮನ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗವೊಂದಿದೆ. ನಾಲ್ಕು ತಳಿಯ ಮರಿಗಳು: ಬಸೆಂಜಿ, ಬೀಗಲ್, ಫಾಕ್ಸ್ ಟೆರಿಯರ್, ಶೆಟ್‌ಲೆಂಡ್ ಶೀಪ್‌ಡಾಗ್. 3ನೇ ವಾರದಿಂದ 8ನೇ ವಾರದವರೆಗೆ ಪ್ರತಿ ತಳಿಯಲ್ಲೂ ಕೆಲವನ್ನು ಮುದ್ದಾಗಿ ಬೆಳೆಸಿದರು. ಆಟವೇ ಆಟ, ಗದರಿಕೆ ಇಲ್ಲ. ಉಳಿದವಕ್ಕೆ ಕೂರು, ನಿಲ್ಲು, ಬಾ ಎಂಬ ಶಿಸ್ತು. ಆಮೇಲೆ ಎಲ್ಲ ಮರಿಗಳ ಮುಂದೆಯೂ ಮಾಂಸದ ಬಟ್ಟಲು ಇಟ್ಟು, ಬಾಯಿ ಹಾಕಿದ ಕೂಡಲೇ ಗದರಿ ಒಂದು ಏಟು. ನಂತರ ಅವರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಯಾರೂ ಇಲ್ಲದಾಗ ಮರಿ ತಿನ್ನುತ್ತದಾ? ಬಸೆಂಜಿಗಳು ಹೇಗೆ ಬೆಳೆದಿದ್ದರೂ ತಿಂದವು. ಶೆಟ್‌ಲೆಂಡ್ ಮರಿಗಳು ಹೇಗೆ ಬೆಳೆದಿದ್ದರೂ ಮುಟ್ಟಲಿಲ್ಲ. ಬೆಳೆಸಿದ ರೀತಿಯಿಂದ ವ್ಯತ್ಯಾಸ ಆಗಿದ್ದು ಬೀಗಲ್ ಮತ್ತು ಟೆರಿಯರ್‌ಗಳಲ್ಲಿ ಮಾತ್ರ. ಅದೂ ನಾವು ಅಂದುಕೊಳ್ಳುವ ಹಾಗಲ್ಲ. ಮುದ್ದಾಗಿ ಬೆಳೆದವೇ ಜಾಸ್ತಿ ಹೊತ್ತು ಬಟ್ಟಲಿನಿಂದ ದೂರ ಉಳಿದವು. ಏಟು ಕೊಡುವುದನ್ನು ನಾನು ಒಪ್ಪುವುದೇ ಇಲ್ಲ. ಆದರೂ ಯಾರಾದರೂ "ನನ್ನ ಹಳೆಯ ನಾಯಿಗೆ ಹೀಗೇ ಕಲಿಸಿದ್ದೆ, ಇದಕ್ಕೂ ಹಾಗೇ ಮಾಡ್ತೀನಿ" ಅಂದಾಗ ಈ ಪ್ರಯೋಗವನ್ನೇ ಹೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ. ಮೊದಲು ತಾಯಿಯನ್ನು ನೋಡಿ. ತಾಯಿ ಶಾಂತವಾಗಿದೆಯಾ, ಜನ ಹತ್ತಿರ ಬಂದರೆ ಏನು ಮಾಡುತ್ತದೆ, ಮರಿಗಳನ್ನು ನೆಕ್ಕುತ್ತದೆಯಾ ಎಂದು ಗಮನಿಸಿ. ತಾಯಿಯಿಂದ ಮರಿಗೆ ಬರುವುದು ಜೀನ್ ಮಾತ್ರ ಅಲ್ಲ, ಆರೈಕೆ ಕೂಡ. ಕೆನಡಾದ ಮೈಕಲ್ ಮೀನಿ ಅವರ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ಕಡಿಮೆ ನೆಕ್ಕುವ ತಾಯಿಯ ಮರಿಗಳನ್ನು, ಚೆನ್ನಾಗಿ ನೆಕ್ಕುವ ತಾಯಿಯ ಹತ್ತಿರ ಬಿಟ್ಟಾಗ ಅವು ದೊಡ್ಡದಾದ ಮೇಲೆ ಅಷ್ಟಾಗಿ ಗಾಬರಿಬೀಳಲಿಲ್ಲ. ಒತ್ತಡದ ಹಾರ್ಮೋನನ್ನು ಹದ್ದುಬಸ್ತಿನಲ್ಲಿಡುವ ಒಂದು ಜೀನ್ ಎಷ್ಟು ಕೆಲಸ ಮಾಡುತ್ತದೆ ಎನ್ನುವುದೇ ಆ ನೆಕ್ಕುವಿಕೆಯಿಂದ ಬದಲಾಗಿತ್ತು ಎಂದು 2004ರಲ್ಲಿ ಅವರು ಬರೆದರು. ಆದ್ದರಿಂದ ಆಗುವುದಾದರೆ ಮರಿಯನ್ನು 8 ವಾರದವರೆಗೆ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಬಿಡಿ. ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬ ಪಾಠವನ್ನು ಅವು ಒಂದಕ್ಕೊಂದು ಕಲಿಸುವಷ್ಟು ಚೆನ್ನಾಗಿ ನಾವು ಕಲಿಸಲಾರೆವು.

ಇನ್ನು ಸಮಯದ ಮಾತು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಬೆಳೆಸಿ ನೋಡಿದರು. ಸುಮಾರು 3ರಿಂದ 12ನೇ ವಾರದವರೆಗೆ ಮರಿ ಯಾರನ್ನು, ಏನನ್ನು ನೋಡುತ್ತದೋ ಅದನ್ನು ತನ್ನ ಲೋಕದ ಭಾಗ ಅಂತ ಒಪ್ಪಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಅಲ್ಲಿಯೇ ನಡೆದ ಇನ್ನೊಂದು ಪ್ರಯೋಗದಲ್ಲಿ ಎತ್ತರದ ಬೇಲಿಯೊಳಗೆ, 14 ವಾರ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳ ಹಾಗೆ ಜನರಿಂದ ಓಡಿದವು. ನಾಯಿ ಮನುಷ್ಯನನ್ನು ನಂಬುವುದು ಹುಟ್ಟುಗುಣ ಅಂತೀವಲ್ಲ, ಆ ಗುಣ ಹೊರಬರುವುದಕ್ಕೂ ಸರಿಯಾದ ಹೊತ್ತಿನಲ್ಲಿ ಒಬ್ಬ ಮನುಷ್ಯ ಕಣ್ಣಿಗೆ ಬೀಳಬೇಕು.

ಈ ವಾರಗಳಲ್ಲಿ ಏನು ತೋರಿಸಬೇಕು? ಗಡ್ಡದವರು, ಕನ್ನಡಕದವರು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದವರು, ಓಡುವ ಮಕ್ಕಳು. ಟೈಲ್ಸ್, ಹುಲ್ಲು, ಮೆಟ್ಟಿಲು. ಗುಡುಗಿನ ಶಬ್ದವನ್ನು ಫೋನಿನಲ್ಲಿ ತೀರ ಸಣ್ಣಗೆ. ಉಗುರು ಮುಟ್ಟುವುದು, ಕಿವಿ ನೋಡುವುದು, ಬಾಯಿ ಬಿಡಿಸುವುದು. ಲಸಿಕೆಯೆಲ್ಲ ಮುಗಿಯಲಿ ಅಂತ ಕಾದರೆ ಈ ಹೊತ್ತು ಮುಗಿದೇ ಹೋಗುತ್ತದೆ. ಮೊದಲ ಲಸಿಕೆ ಆಗಿ ಒಂದು ವಾರದ ಮೇಲೆ, ನಿಮ್ಮ ಪಶುವೈದ್ಯರನ್ನು ಕೇಳಿಕೊಂಡು, ಎತ್ತಿಕೊಂಡು ಹೊರಗೆ ಹೋಗಿ. ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮಾತ್ರ ಇಳಿಸಬೇಡಿ.

ಆದರೆ ಇದನ್ನು ಪಟ್ಟಿ ಹಿಡಿದು ಮುಗಿಸಬೇಡಿ. ಮರಿಯನ್ನು ನೋಡಿ. ನಾನು ಮಾಡುವ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಮರಿ ಆಡುತ್ತಿರುವಾಗ ನಾಲ್ಕೈದು ಹೆಜ್ಜೆ ದೂರದಲ್ಲಿ ಒಂದು ಸ್ಟೀಲ್ ಚಮಚವನ್ನು ಕೈಯೆತ್ತರದಿಂದ ನೆಲಕ್ಕೆ ಬಿಡುತ್ತೇನೆ. ಬೆಚ್ಚುವುದು ಸಹಜ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನೋಡುವುದು ಆಮೇಲಿನದನ್ನು. ಒಂದೇ ಸೂಲಿನ ಎರಡು ಹೆಣ್ಣುಮರಿಗಳು ನನ್ನ ಹತ್ತಿರ ಇದ್ದವು, ಒಂದು ಕಂದು, ಒಂದು ಕಪ್ಪು. ಕಂದು ಮರಿ ತಲೆ ಎತ್ತಿ ನೋಡಿ, ನೇರ ಬಂದು ಚಮಚ ಮೂಸಿ, ಕಚ್ಚಿಕೊಂಡು ಹೋಯಿತು. ಕಪ್ಪು ಮರಿ ಹೊಟ್ಟೆ ನೆಲಕ್ಕೆ ಒತ್ತಿ, ಬಾಲ ಕಾಲಸಂದಿಗೆ ಸಿಕ್ಕಿಸಿ ಕೂತಿತು. ತುಟಿ ನೆಕ್ಕಿಕೊಂಡಿತು, ಆಕಳಿಸಿತು, ಕಣ್ಣಿನ ಬಿಳಿ ಅಂಚು ಕಂಡಿತು. ಚಮಚ ಎತ್ತಿಟ್ಟ ಮೇಲೂ ಆ ಜಾಗಕ್ಕೆ ಬರಲಿಲ್ಲ.

ಅವತ್ತಿನಿಂದ ಇಬ್ಬರಿಗೂ ಬೇರೆ ಬೇರೆ ಪಾಠ. ಕಂದು ಮರಿ ಜನಜಂಗುಳಿ, ಗಾಡಿ ಸದ್ದು ಎಲ್ಲದರ ಹತ್ತಿರ ಹೋಯಿತು. ಅದಕ್ಕೆ ಕಲಿಸಬೇಕಾಗಿದ್ದು ಸುಮ್ನೆ ಕೂರುವುದನ್ನು. ಕಪ್ಪು ಮರಿಗೆ ಚಮಚವನ್ನು ಮೊದಲು ಮಡಚಿದ ಬಟ್ಟೆಯ ಮೇಲೆ, ಕೋಣೆಯ ಆ ಮೂಲೆಯಲ್ಲಿ ಬಿಟ್ಟೆ. ಸದ್ದಾದ ಕ್ಷಣಕ್ಕೆ ಬಾಯಿಗೆ ಒಂದು ತುಣುಕು ತಿಂಡಿ. ತಾನಾಗಿ ನನ್ನ ಮುಖ ನೋಡಿ ತಿಂಡಿಗೆ ಕಾಯತೊಡಗಿದ ಮೇಲಷ್ಟೇ ಬಟ್ಟೆಯ ಒಂದು ಮಡಿಕೆ ಕಡಿಮೆ. ತಿಂಡಿ ಬೇಡ ಅಂದರೆ ನೀವು ತುಂಬಾ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಇಂಥ ಮರಿಯನ್ನು "ಅಭ್ಯಾಸ ಆಗಲಿ" ಅಂತ ಸಂತೆಯಂಥ ಗದ್ದಲಕ್ಕೆ ಒಯ್ದರೆ ಅದು ಕಲಿಯುವುದು ಭಯವನ್ನೇ.

ತಳಿಗುಣದ ಬಗ್ಗೆ ಎರಡು ಮಾತು. 2022ರಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮೇಲೆ ನಡೆದ ಅಧ್ಯಯನವೊಂದು, ನಾಯಿ ನಾಯಿಗೂ ಇರುವ ನಡತೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಶೇಕಡಾ ಮಾತ್ರ ಎಂದಿತು. ಹಾಗಂತ ಜೀನ್ ಪಾತ್ರವೇ ಇಲ್ಲ ಅಂತಲ್ಲ. ಒಂದೇ ತಳಿಯೊಳಗೂ, ಒಂದೇ ಸೂಲಿನೊಳಗೂ ಜೀನ್‌ಗಳು ಬೇರೆ ಬೇರೆ ಇರುತ್ತವೆ ಅಲ್ವಾ? ಕುರಿ ಕಾಯುವ ತಳಿಯಾದ ಬಾರ್ಡರ್ ಕೋಲಿಯ ಮರಿ ಯಾರೂ ಕಲಿಸದೆ ಬಗ್ಗಿ, ದಿಟ್ಟಿಸಿ, ಹೊಂಚುಹಾಕುತ್ತದೆ. ಆದರೆ ಶಿಳ್ಳೆ ಕೇಳಿ ಎಡಕ್ಕೋ ಬಲಕ್ಕೋ ತಿರುಗುವುದನ್ನು ಕಲಿಸಲೇಬೇಕು. ಹುಟ್ಟಿನಿಂದ ಬಂದದ್ದನ್ನು ಅಳಿಸಲು ಹೊರಡಬೇಡಿ, ಅದಕ್ಕೊಂದು ದಾರಿ ಕೊಡಿ. ಮಕ್ಕಳ ಹಿಂದೆ ಓಡುವ ಮರಿಗೆ ಚೆಂಡು ಕೊಡಿ, ನೆಲ ಕೆರೆಯುವ ಮರಿಗೆ ಕೆರೆಯಲೆಂದೇ ಒಂದು ಮೂಲೆ ಬಿಡಿ. ಕೆಲರ್ ಮತ್ತು ಮೇರಿಯನ್ ಬ್ರೆಲಂಡ್ ಎಂಬ ತರಬೇತುದಾರ ದಂಪತಿ ಹಂದಿಗಳಿಗೆ ಮರದ ನಾಣ್ಯ ತಂದು ಡಬ್ಬಿಗೆ ಹಾಕುವುದನ್ನು ಕಲಿಸಿದ್ದರು. ಕೆಲವು ವಾರ ಕಳೆದ ಮೇಲೆ ಹಂದಿಗಳು ನಾಣ್ಯವನ್ನು ದಾರಿಯಲ್ಲೇ ಬೀಳಿಸಿ, ತಮ್ಮ ಹುಟ್ಟುಗುಣದಂತೆ ಮೂತಿಯಿಂದ ಅದನ್ನೇ ಕೆದಕತೊಡಗಿದವು. ಡಬ್ಬಿಗೆ ಹಾಕಿದರೆ ತಿಂಡಿ ಸಿಗುತ್ತದೆ ಅಂತ ಗೊತ್ತಿದ್ದರೂ!

ನಿಮಗೆ ಮರಿ ಸಿಕ್ಕಿದ್ದೇ 14 ವಾರ ದಾಟಿದ ಮೇಲಾ? ಇದೇ ಕೆಲಸ, ಇನ್ನೂ ಸಣ್ಣ ಹೆಜ್ಜೆಗಳಲ್ಲಿ, ತಿಂಗಳುಗಟ್ಟಲೆ ಮಾಡಿ. ಕೆಲವು ಅಂಜಿಕೆ ಪೂರ್ತಿ ಹೋಗದೇ ಇರಬಹುದು. ಅಂಥ ನಾಯಿಗೆ ಅತಿಥಿಗಳು ಬಂದಾಗ ಬಾಗಿಲು ಹಾಕಿದ ಒಂದು ಕೋಣೆ ಸಾಕು, ಅದನ್ನು ಎಳೆದು ತಂದು ಪರಿಚಯಿಸಬೇಕಿಲ್ಲ. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರ್ ಎನ್ನಲು ಶುರು ಮಾಡಿದರೆ ಮಾತ್ರ ಜೀನನ್ನೂ ಬೆಳೆಸಿದ್ದನ್ನೂ ಪಕ್ಕಕ್ಕಿಟ್ಟು, ಎಲ್ಲಾದರೂ ನೋವಿದೆಯಾ ಎಂದು ಮೊದಲು ಪಶುವೈದ್ಯರಿಗೆ ತೋರಿಸಿ.