ಹಾಲಿನ ಡೈರಿಯಲ್ಲಿ ಪುಸ್ತಕದ ಪೆಟ್ಟಿಗೆ: ಊರ ಗ್ರಂಥಾಲಯವನ್ನು ಮನೆಗಳ ಹತ್ತಿರ ಒಯ್ಯುವುದು ಹೇಗೆ?

ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಕಂದಾಯದ ಮೇಲೆ ಶೇ 6. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದ್ದು. ಅದರ ಲೆಕ್ಕದಲ್ಲಿ ವಸೂಲಾಗುವ ದುಡ್ಡು ಇದು. ಅಂದರೆ ಗ್ರಂಥಾಲಯಕ್ಕೆ ನೀವು ಒಮ್ಮೆಯೂ ಕಾಲಿಡದಿದ್ದರೂ ದುಡ್ಡಂತೂ ಕೊಟ್ಟಾಗಿದೆ.

ಕಾಲಿಡುವುದಾದರೂ ಹೇಗೆ ಹೇಳಿ? ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ನಮ್ಮ ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಾಗಲ್ಲ. ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಪಂಚಾಯ್ತಿ ಇರುವ ಊರು ಐದಾರು ಕಿಲೋಮೀಟರ್ ಆಚೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಫ್ರೀ ಇರುವುದು ಸರ್ಕಾರಿ ಬಸ್ಸು. ನಮ್ಮ ರಸ್ತೆಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಒಂದು ಕತೆಪುಸ್ತಕಕ್ಕಾಗಿ ಹೋಗಿ ಬರುವ ಚಾರ್ಜು ಕೊಡು ಅಂದರೆ ಯಾರೂ ಕೊಡುವುದಿಲ್ಲ.

ಹಾಗಾಗಿ ಪುಸ್ತಕವೇ ಹೊರಡಬೇಕು. ಯಕ್ಷಗಾನದ ಮೇಳ ತಿರುಗಾಟ ಹೊರಡುವುದಿಲ್ಲವಾ? ಹೆಗ್ಗೋಡಿನ ನೀನಾಸಂ 1985ರಿಂದ ನಾಟಕವನ್ನೇ ಊರೂರಿಗೆ ಒಯ್ಯುತ್ತಿದೆ, ಹೆಸರೂ ತಿರುಗಾಟವೇ. ಗ್ರಂಥಾಲಯದ ವಿಷಯದಲ್ಲೂ ಇದೇನು ಹೊಸ ಮಾತಲ್ಲ. ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತ 1931ರಲ್ಲೇ ಎತ್ತಿನ ಗಾಡಿಯಲ್ಲಿ ಪುಸ್ತಕ ಹಳ್ಳಿಗಳಿಗೆ ಹೋಗುತ್ತಿತ್ತು. ಅದರ ಹಿಂದೆ ಇದ್ದವರಲ್ಲಿ ಎಸ್. ಆರ್. ರಂಗನಾಥನ್ ಒಬ್ಬರು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದು ಗ್ರಂಥಾಲಯಗಳಿಗೆ ಅವರು ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು.

ನಮಗೆ ಎತ್ತಿನ ಗಾಡಿ ಬೇಡ. ಬೀಗ ಇರುವ ಒಂದು ಪೆಟ್ಟಿಗೆ, ಒಂದು ರಿಜಿಸ್ಟರ್, ಜೊತೆಗೆ ಒಪ್ಪುವ ನಾಲ್ಕು ಜನ ಸಾಕು. ನಮ್ಮ ಪಂಚಾಯ್ತಿಯಲ್ಲಿ ನಾವು ಕೆಲವರು ಸೇರಿ ಮಾಡಿ, ಎಡವಿ, ಮತ್ತೆ ಮಾಡಿದ ಕ್ರಮ ಇದು.

1. ಎರಡು ದಿನ ಸುಮ್ನೆ ನೋಡಿ

ನಾವು ಮಾಡಿದ ಮೊದಲ ತಪ್ಪು ಸಭೆ. ಗ್ರಂಥಾಲಯದ ಮುಂದೆ ಶಾಮಿಯಾನ, ಮೈಕು, ಹಾರ, ಮೂರು ಭಾಷಣ. ಬಂದವರಲ್ಲಿ ಅರ್ಧ ಜನ ನಮ್ಮ ಮನೆಯವರೇ. ದೂರದ ಕೇರಿಯಿಂದ ಬಂದಿದ್ದ ನಾಲ್ಕು ಹೆಂಗಸರು ಸಂಜೆ ಬಸ್ಸು ತಪ್ಪುತ್ತದೆ ಅಂತ ಎರಡನೇ ಭಾಷಣಕ್ಕೇ ಎದ್ದರು. ಪುಸ್ತಕ ಇರುವ ಕೋಣೆಯ ಒಳಗೆ ಆವತ್ತು ಯಾರೂ ಹೋಗಲಿಲ್ಲ.

ಅದರ ಬದಲು ಒಂದು ನೋಟ್ ಬುಕ್ ಹಿಡಿದು ಊರು ಸುತ್ತಿ. ಜನ ಎಲ್ಲಿ ಕಾಯುತ್ತಾ ನಿಲ್ಲುತ್ತಾರೆ ಅಂತ ಬರೆದುಕೊಳ್ಳಿ. ಬೆಳಿಗ್ಗೆ, ಸಂಜೆ ಹಾಲಿನ ಡೈರಿ. ತಿಂಗಳಿಗೊಮ್ಮೆ ರೇಷನ್ ಅಂಗಡಿ. ಮಗುವನ್ನು ಬಿಡುವ, ಕರೆದುಕೊಂಡು ಹೋಗುವ ಹೊತ್ತಿಗೆ ಅಂಗನವಾಡಿ. ವಾರದ ಸಭೆ ಇದ್ದಾಗ ಸ್ತ್ರೀಶಕ್ತಿ ಸಂಘ. ಹಿಟ್ಟಿನ ಗಿರಣಿ. ಕಾಯುವವರ ಕೈಗೆ ಪುಸ್ತಕ ಸಿಕ್ಕರೆ ತಿರುವಿಯಾದರೂ ನೋಡುತ್ತಾರೆ. ಬಾ ಅಂತ ಕರೆದರೆ ಬರುವುದಿಲ್ಲ.

2. ಕಾಗದಪತ್ರ ಮೊದಲು

ಕೆಲವರು ಈಗಲೂ ಇದರ ಅನುಮತಿಗೆ ಶಿವಮೊಗ್ಗದ ಗ್ರಂಥಾಲಯ ಇಲಾಖೆಗೆ ಅರ್ಜಿ ಹಿಡಿದು ಹೋಗುತ್ತಾರೆ. ಹಳ್ಳಿಯ ಗ್ರಂಥಾಲಯವಾದರೆ ಅದು ಬೇಕಿಲ್ಲ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅರಿವು ಕೇಂದ್ರ ಅಂತ ಬೋರ್ಡು ಕಾಣುವುದು ಇವಕ್ಕೇ. ಹಾಗಾಗಿ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಾಣಿ. ಪಂಚಾಯ್ತಿಯ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿಸಿ: ಇಂತಿಷ್ಟು ಪುಸ್ತಕ, ಇಂತಿಂಥ ಜಾಗ, ಇಂಥ ತಿಂಗಳವರೆಗೆ.

ಠರಾವು ಯಾಕೆ ಅಂದರೆ ಗ್ರಂಥಾಲಯದ ಮೇಲ್ವಿಚಾರಕರಿಗಾಗಿ. ಪುಸ್ತಕ ಹೊರಗೆ ಕೊಡಿ ಅಂದಾಗ ಅವರು ಹಿಂದೆಮುಂದೆ ನೋಡಿದರೆ ಬೇಸರ ಮಾಡಿಕೊಳ್ಳಬೇಡಿ. ಕಪಾಟಿನಲ್ಲಿರುವ ಪ್ರತಿ ಪುಸ್ತಕಕ್ಕೂ ದಾಸ್ತಾನು ರಿಜಿಸ್ಟರಿನಲ್ಲಿ ನಂಬರ್ ಇರುತ್ತದೆ. ಕಳೆದರೆ ಲೆಕ್ಕ ಕೇಳುವುದು ಅವರನ್ನೇ. ಚಿಕ್ಕ ಸಂಬಳದ ನೌಕರಿ, ಆ ಭಯ ಸಹಜ ಅಲ್ವಾ? ಇದಕ್ಕೆ ನಾವು ಕಂಡುಕೊಂಡ ದಾರಿ ಸುಲಭದ್ದು. ಪೆಟ್ಟಿಗೆಗೆ ಹೋಗುವುದು ಜನ ದಾನ ಕೊಟ್ಟ ಪುಸ್ತಕ ಮಾತ್ರ. ಅದಕ್ಕೆ ಬೇರೆಯೇ ರಿಜಿಸ್ಟರ್. ಗ್ರಂಥಾಲಯದ ಪುಸ್ತಕ ಗ್ರಂಥಾಲಯದಲ್ಲೇ ಇರುತ್ತದೆ.

3. ಪುಸ್ತಕ ಕೂಡಿಸಿ, ಆಮೇಲೆ ಕಠಿಣವಾಗಿ ಆರಿಸಿ

ದಾನ ಕೇಳಿದರೆ ಪುಸ್ತಕ ಬರುತ್ತದೆ, ಚಿಂತೆ ಬೇಡ. ಚಿಂತೆ ಬೇರೆ. ಅಟ್ಟ ಖಾಲಿ ಮಾಡಲು ಕಾಯುತ್ತಿದ್ದವರು ಹಳೆಯ ಗೈಡು, ಮುಖಪುಟ ಹರಿದ ಡೈರೆಕ್ಟರಿ, ಯಾವುದೋ ಕಾಲದ ಡೈರಿಗಳನ್ನು ಚೀಲದಲ್ಲಿ ತುಂಬಿ ಕೊಡುತ್ತಾರೆ. ನಗುನಗುತ್ತಾ ತಗೊಳ್ಳಿ, ಪೆಟ್ಟಿಗೆಗೆ ಹಾಕಬೇಡಿ.

ಒಂದು ಪೆಟ್ಟಿಗೆಗೆ ಮೂವತ್ತು ಪುಸ್ತಕ ಸಾಕು. ಹತ್ತು ಮಕ್ಕಳದ್ದು, ಚಿತ್ರ ಇರುವಂಥದ್ದು. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರದ ನಾಲ್ಕೈದು. ತೆಳ್ಳಗಿನ ಕಾದಂಬರಿ, ಅಡುಗೆ, ಆರೋಗ್ಯ, ತೋಟದ ಪುಸ್ತಕ. ಪೊಲೀಸ್, ಪಿಡಿಓ ಪರೀಕ್ಷೆಗೆ ಓದುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಬೇಕಾದ್ದು ಇತ್ತೀಚಿನದ್ದೇ ಆಗಿರಬೇಕು, ಅದನ್ನು ಕೊಂಡೇ ಕೊಡಿ. ಮಕ್ಕಳ ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕತೆಗಳು ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆದು ಹೊಲಿದರೆ ಆಯಿತು.

4. ಜೊತೆಗಾರರನ್ನು ಹಿಡಿಯುವುದು

ಇಡೀ ಕೆಲಸ ನಿಂತಿರುವುದು ಇಲ್ಲಿ. ಪುಸ್ತಕ ಓದುವುದು ಒಳ್ಳೆಯದು ಅಂತ ಹೇಳಿಕೊಂಡು ಯಾರ ಬಾಗಿಲಿಗೂ ಹೋಗಬೇಡಿ. ಒಳ್ಳೆಯದು ಅಂತ ಅವರೂ ಒಪ್ಪುತ್ತಾರೆ, ಟೀ ಕೊಟ್ಟು ಕಳಿಸುತ್ತಾರೆ. ಅವರ ಕಷ್ಟ ಏನು, ನಮ್ಮಿಂದ ಅದರಲ್ಲಿ ಏನಾದರೂ ಹಗುರ ಆಗುತ್ತದಾ ಅಂತ ಮೊದಲು ತಿಳಿದುಕೊಳ್ಳಿ.

ಡೈರಿಯ ಸೆಕ್ರೆಟ್ರಿಗೆ ನಾನು ಪೆಟ್ಟಿಗೆಯ ಮಾತು ಎತ್ತಿದಾಗ ಅವರು ಕೇಳಿದ್ದು ಒಂದೇ: ‘ಕಳೆದೋದ್ರೆ ಯಾರು ಕೊಡ್ತಾರೆ ಮಾರಾಯ್ರೆ?’ ನೀವು ಕೊಡುವುದು ಬೇಡ ಅಂದೆ. ನಂಬಲಿಲ್ಲ. ಬರೆದು ಕೊಟ್ಟ ಮೇಲೆ ನಂಬಿದರು. ಆಮೇಲೆ ಮಾತಿಗೆ ಮಾತು ಬಂದು, ಮೇವಿನ ಬಗ್ಗೆ, ಕೆಚ್ಚಲುಬಾವಿನ ಬಗ್ಗೆ ಏನಾದರೂ ಓದಲು ಇದೆಯಾ ಅಂತ ಅವರೇ ಕೇಳಿದರು. ಆವತ್ತಿಗೆ ಪೆಟ್ಟಿಗೆ ಅವರದ್ದಾಯಿತು.

ಬರೆದು ಕೊಟ್ಟ ಒಕ್ಕಣೆ ಹೀಗಿತ್ತು, ಬೇಕಾದರೆ ನಕಲು ಮಾಡಿಕೊಳ್ಳಿ:

‘ಗ್ರಂಥಾಲಯದ ವತಿಯಿಂದ 30 ಪುಸ್ತಕಗಳ ಒಂದು ಪೆಟ್ಟಿಗೆಯನ್ನು ತಮ್ಮಲ್ಲಿ ಇಡಲು ಒಪ್ಪಿದ್ದೀರಿ. ಬೀಗದ ಕೈ ತಮ್ಮ ಹತ್ತಿರ ಇರುತ್ತದೆ. ಯಾರು ಯಾವ ಪುಸ್ತಕ ಒಯ್ದರು ಎಂದು ಜೊತೆಗಿರುವ ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸಿದರೆ ಸಾಕು. ತಿಂಗಳ ಎರಡನೇ ಶನಿವಾರ ನಾವು ಬಂದು ಪುಸ್ತಕ ಬದಲಿಸುತ್ತೇವೆ. ಕಳೆದ ಅಥವಾ ಹರಿದ ಪುಸ್ತಕಕ್ಕೆ ತಾವು ಹೊಣೆಯಲ್ಲ. ಮೂರು ತಿಂಗಳ ನಂತರ ಬೇಡ ಅನಿಸಿದರೆ ವಾಪಸ್ ಒಯ್ಯುತ್ತೇವೆ.’

ಹೊಣೆಯಲ್ಲ ಅನ್ನುವ ಸಾಲು, ವಾಪಸ್ ಒಯ್ಯುತ್ತೇವೆ ಅನ್ನುವ ಸಾಲು ಎರಡೂ ಇರಲೇಬೇಕು. ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಜನ ಒಳಗೆ ನಿಲ್ಲುತ್ತಾರೆ.

ಶಾಲೆಯವರ ಜೊತೆ ಕೆಲಸ ಇದಕ್ಕಿಂತ ಸಲೀಸು. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯ್ತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಮೇಷ್ಟ್ರ ಹತ್ತಿರ ಹಾಜರಿ ಪಟ್ಟಿ ಇರುತ್ತದೆ. ಒಂದು ಮಧ್ಯಾಹ್ನ ಕೂತರೆ ಇಡೀ ಶಾಲೆಯ ಮಕ್ಕಳ ಅರ್ಜಿ ತುಂಬಿಸಬಹುದು.

5. ಕಾಲ ನೋಡಿ ಕಾರ್ಯಕ್ರಮ ಇಡಿ

ಗ್ರಂಥಾಲಯ ಸಪ್ತಾಹ ನವೆಂಬರ್ 14ರಿಂದ 20. ಆಗಸ್ಟ್ 12 ರಂಗನಾಥನ್ ಹುಟ್ಟಿದ ದಿನ ಅಂತ ಆಚರಿಸುತ್ತಾರೆ. ಇಂಥ ದಿನಗಳಲ್ಲಿ ಫೋಟೊಗೆ ಹಾರ ಹಾಕಿ, ತಪ್ಪಿಲ್ಲ. ಆದರೆ ಜನ ಬರಬೇಕಾದರೆ ಊರಿನ ಪಂಚಾಂಗ ನೋಡಬೇಕು.

ಮೇ ತಿಂಗಳ ಕೊನೆಗೆ ಎಲ್ಲರ ತಲೆಯಲ್ಲೂ ಅಡಿಕೆಯ ಕೊಳೆರೋಗ. ತೋಟಗಾರಿಕೆ ಇಲಾಖೆಯವರನ್ನು ಕರೆಸಿ ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಿ ತೋರಿಸಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಗೊತ್ತಿದ್ದವರೂ ಬರುತ್ತಾರೆ, ಬಂದು ನಾವು ಬೆರೆಸುವ ಕ್ರಮದಲ್ಲಿ ತಪ್ಪು ಹುಡುಕುತ್ತಾರೆ. ಒಳ್ಳೆಯದೇ. ಹೋಗುವಾಗ ಒಂದು ಪುಸ್ತಕ ಕೈಗೆ ಕೊಡಿ.

ನವೆಂಬರಿನಲ್ಲಿ ಮಂಗನ ಕಾಯಿಲೆಯ ಬಗ್ಗೆ ಮಾತು. 1957ರಲ್ಲಿ ಇದು ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣಿ ಅನ್ನುವ ಹುಳದಿಂದ, ಜಾಸ್ತಿಯಾಗುವುದು ಬೇಸಿಗೆಯ ತಿಂಗಳುಗಳಲ್ಲಿ. ಹಾಗಾಗಿ ಜನ ದರಗು (ಒಣಗಿ ಬಿದ್ದ ಎಲೆ) ಗುಡಿಸಲು ಕಾಡಿಗೆ ಹೋಗುವ ಮುಂಚೆಯೇ ಮಾತು ಆಗಬೇಕು. ಆರೋಗ್ಯ ಕೇಂದ್ರದವರಿಗೆ ಜನ ಸೇರುವ ಜಾಗ ಬೇಕು, ನಮಗೆ ಜನ ಬೇಕು. ಉಣ್ಣಿ ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು ಅನ್ನುವುದು, ಜ್ವರ ಬಂದರೆ ತಡಮಾಡದೆ ಎಲ್ಲಿಗೆ ಹೋಗಬೇಕು ಅನ್ನುವುದು, ಇಷ್ಟನ್ನು ಆಶಾ ಕಾರ್ಯಕರ್ತೆ ಊರಿನ ಮಾತಿನಲ್ಲಿ ಹೇಳಿದರೆ ಸಾಕು. ದೊಡ್ಡ ಪರದೆ, ಸ್ಲೈಡು ಬೇಡ.

ಇನ್ನೊಂದು ಇದೆ, ನನಗೆ ಎಲ್ಲಕ್ಕಿಂತ ಇಷ್ಟದ್ದು. ಅಡಿಕೆ ಸುಗ್ಗಿ. ಮಷಿನ್ ಬಂದ ಮೇಲೆ ಕಡಿಮೆಯಾಗಿದೆ ನಿಜ, ಆದರೂ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವ ಮನೆಗಳು ಇನ್ನೂ ಇವೆ. ಕೈ ಬಿಡುವಿಲ್ಲ, ಕಿವಿ ಬಿಡುವು. ಅಲ್ಲಿ ಹೋಗಿ ಗಟ್ಟಿಯಾಗಿ ಕತೆ ಓದಿ. ಮನೆಯ ಯಜಮಾನರನ್ನು ಮೊದಲೇ ಕೇಳಿ. ರಾತ್ರಿ ಸುಲಿಯಲು ಜನ ಸಿಗುವುದು ಕಷ್ಟವಾಗಿರುವಾಗ ಬೇಡ ಅನ್ನುವವರು ಕಡಿಮೆ. ಎರಡು ಎಚ್ಚರಿಕೆ. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ, ಆದ್ದರಿಂದ ಕೈ ನಿಲ್ಲಿಸಿ ನೋಡಬೇಕಾದ ಚಿತ್ರಪುಸ್ತಕ ಅಲ್ಲಿ ಬೇಡ. ಮತ್ತೆ, ಓದುವವರು ಊರಿನವರೇ ಆಗಿರಲಿ. ನಾನು ಓದಿದಾಗ ಗೌರವಕ್ಕೆ ಸುಮ್ಮನಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಓದಿದಾಗ ಮಧ್ಯೆ ಬಾಯಿ ಹಾಕಿ, ‘ಹಂಗಾರೆ ಅವ್ಳ ಗಂಡ ಎಲ್ಲಿಗೆ ಹೋದ?’ ಅಂತ ಜಗಳಕ್ಕೇ ನಿಂತರು.

ಫೋನಿನಲ್ಲಿ ಓದಿಸುವುದು? ರಾಜ್ಯದ ಡಿಜಿಟಲ್ ಗ್ರಂಥಾಲಯ ಇದೆ, ಹೈಸ್ಕೂಲು ದಾಟಿದ ಹುಡುಗರಿಗೆ ತೋರಿಸಿ ಕೊಡಿ. ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದ ಊರಲ್ಲಿ ಅದನ್ನೇ ನೆಚ್ಚಿ ಕೂರಬೇಡಿ.

6. ಲೆಕ್ಕ

ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು ಅನ್ನುವುದಕ್ಕಿಂತ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು ಅಂತ ಬರೆದಿಡಿ. ಮೂರು ತಿಂಗಳು ಯಾರೂ ಮುಟ್ಟದ್ದನ್ನು ಬೇರೆ ಪೆಟ್ಟಿಗೆಗೆ ಹಾಕಿ. ಒಂದು ಜಾಗದಲ್ಲಿ ಪೆಟ್ಟಿಗೆಗೇ ಯಾರೂ ಕೈ ಹಾಕದಿದ್ದರೆ ಜಾಗ ಬದಲಿಸಿ. ನಮ್ಮ ರೇಷನ್ ಅಂಗಡಿಯ ಪೆಟ್ಟಿಗೆ ಹೀಗೇ ಸೋತಿತು. ಅಕ್ಕಿ ಚೀಲ ಹೊತ್ತವರಿಗೆ ಪುಸ್ತಕ ಹಿಡಿಯಲು ಇನ್ನೊಂದು ಕೈ ಎಲ್ಲಿದೆ? ಅದನ್ನು ಗಿರಣಿಗೆ ಒಯ್ದೆವು, ಅಲ್ಲಿ ನಡೆಯಿತು.

ಕಳೆದ ಪುಸ್ತಕಕ್ಕೆ ದಂಡ ಹಾಕಬೇಡಿ. ದಂಡಕ್ಕೆ ಹೆದರಿದ ಮನೆ ಮತ್ತೆ ಪೆಟ್ಟಿಗೆ ಹತ್ತಿರ ಸುಳಿಯುವುದಿಲ್ಲ.

7. ಮಳೆಗಾಲದ ಸಾಲ

ಮೊದಲ ವರ್ಷ ಒಂದು ಪೆಟ್ಟಿಗೆಯನ್ನು ಬಸ್ ತಂಗುದಾಣದಲ್ಲಿ ಇಟ್ಟು, ಜೂನ್ ಬಂದರೂ ತೆಗೆಯಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಪುಸ್ತಕ ಹಾಳುಮಾಡಲು ಸಾಕಾಗುವಷ್ಟು ಇದೆ. ಆಗಸ್ಟಿನ ಆಶ್ಲೇಷ ಮಳೆಯ ಹೊತ್ತಿಗೆ ಮುಚ್ಚಳ ತೆಗೆದರೆ ಮೂವತ್ತೂ ಪುಸ್ತಕದ ಮೇಲೆ ಬಿಳಿ ಬೂಷ್ಟು.

ಈಗ ಮಳೆ ಹಿಡಿಯುವ ಮುಂಚೆ ಪೆಟ್ಟಿಗೆಗಳನ್ನೇ ಖಾಲಿ ಮಾಡುತ್ತೇವೆ. ಮನೆಗೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಸಿಡುವ ಹೊತ್ತು ಅದು. ಅದರ ಜೊತೆಗೆ ಮನೆಗೆ ಐದು ಪುಸ್ತಕ. ಮಳೆಯಲ್ಲಿ ಹೊರಗೆ ಕೆಲಸ ಇರುವುದಿಲ್ಲ, ಕರೆಂಟು ಇದ್ದರೆ ಇತ್ತು, ಓದಲು ಅದೇ ಕಾಲ. ಒಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡಿ. ಓದಿ ಮುಗಿದದ್ದನ್ನು ಗೋಡೆಗೆ ತಾಗಿಸಿ ಇಡಬೇಡಿ, ಒಲೆ ಮೇಲಿನ ಅಟ್ಟದಲ್ಲಿ ಇಡಿ ಅಂತ ಹೇಳಿ. ಹಾಗೆ ಹೇಳುವುದೂ ಬೇಕಿಲ್ಲ, ಮನೆಯ ಅಜ್ಜಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ವಾಪಸ್ ಕೊಡುವ ಗಡುವು ಮಳೆಗಾಲ ಕಳೆದ ಮೇಲೆ ಬರುವ ಭೂಮಿ ಹುಣ್ಣಿಮೆ ಹಬ್ಬ. ಇಂಗ್ಲಿಷ್ ತಾರೀಕು ಬರೆದಾಗ ಮರೆಯುತ್ತಿದ್ದವರು ಹಬ್ಬ ಹೇಳಿದ ಮೇಲೆ ಮರೆಯುತ್ತಿಲ್ಲ. ಪುಸ್ತಕ ಬರುವಾಗ ಹೊಗೆಯ ವಾಸನೆ ಹೊತ್ತು ಬರುತ್ತವೆ. ಎರಡು ದಿನ ಜಗುಲಿಯಲ್ಲಿ ಗಾಳಿಗೆ ಬಿಡಿಸಿಟ್ಟು, ರಿಜಿಸ್ಟರಿನಲ್ಲಿ ಟಿಕ್ ಹಾಕಿ ಮತ್ತೆ ಪೆಟ್ಟಿಗೆಗೆ ತುಂಬಿ.