ರಸ್ತೆ ಗುಂಡಿಗೆ ದೂರು ಕೊಡುವುದು ಹೇಗೆ?

ಮೊದಲು ರಸ್ತೆ ಯಾರದ್ದೆಂದು ತಿಳಿದುಕೊಳ್ಳಿ. ಅರ್ಜಿಗಳು ಕೊಳೆಯುವುದು ಹೆಚ್ಚಾಗಿ ಇಲ್ಲೇ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರದ 66 ನಂಬರಿನ ರಸ್ತೆ, ಕುಮಟಾ–ಶಿರಸಿಯ 766ಇ ರಾಷ್ಟ್ರೀಯ ಹೆದ್ದಾರಿಗಳು, ಅವುಗಳ ಬಗ್ಗೆ ಪಂಚಾಯ್ತಿಗೆ ಹೇಳಿ ಪ್ರಯೋಜನವಿಲ್ಲ. ಹಳ್ಳಿಯ ಕೇರಿ ರಸ್ತೆಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಶಿರಸಿ ಪೇಟೆಯಲ್ಲಾದರೆ ನಗರಸಭೆ.

‘ರಸ್ತೆ ಸರಿಯಿಲ್ಲ’ ಎಂದಷ್ಟೇ ಬರೆದರೆ ಸಾಲದು. ಯಾವ ಮನೆಯಿಂದ ಯಾವ ಮೋರಿವರೆಗೆ, ಗುಂಡಿಯ ಉದ್ದ, ಅಗಲ, ಆಳ ಎಷ್ಟು, ಪಕ್ಕದ ಗಟಾರ ಕಸ, ಮಣ್ಣಿನಿಂದ ಕಟ್ಟಿಕೊಂಡಿದೆಯೇ ಎಂದು ಬರೆದು ಫೋಟೊ ಲಗತ್ತಿಸಿ. ಗಟಾರದ ಮಾತು ಬಿಡಲೇಬೇಡಿ: ಅದನ್ನು ಬಿಡಿಸದೆ ಹಾಕಿದ ಡಾಂಬರು ನಮ್ಮ ಮಳೆಗೆ ನಿಲ್ಲುವುದಿಲ್ಲ, ನೀರು ಅಂಚಿನಿಂದ ಜಲ್ಲಿಯಡಿ ನುಗ್ಗಿ ಎಬ್ಬಿಸಿಬಿಡುತ್ತದೆ.

ನಿಮ್ಮ ಪ್ರತಿಗೆ ಸೀಲು, ದಿನಾಂಕ, ಆವಕ ಸಂಖ್ಯೆ (ಅರ್ಜಿ ಬಂದದ್ದಕ್ಕೆ ಕಚೇರಿ ಕೊಡುವ ನಂಬರು) ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತದ ಪ್ರತಿ ಕೇಳಿ. 30 ದಿನದೊಳಗೆ ಉತ್ತರಿಸಬೇಕು. ದೂರನ್ನು ಗ್ರಾಮಸಭೆಯಲ್ಲೂ ಹೇಳಿದ್ದರೆ ಅದು ನಡಾವಳಿಯಲ್ಲಿ (ಸಭೆಯ ಬರಹದ ದಾಖಲೆಯಲ್ಲಿ) ಬಂತೇ ನೋಡಿಕೊಳ್ಳಿ.